ಸ್ಕ್ಯಾನ್‌ನಲ್ಲಿ ಕಂಡದ್ದೆಲ್ಲ ಕಾಯಿಲೆಯಾ?

ಓದುಗರ ಪ್ರಶ್ನೆ: ನನಗೆ 46 ವರ್ಷ. ಎರಡು ವರ್ಷದಿಂದ ಆಗಾಗ ತಲೆನೋವು, ಜೊತೆಗೆ ಸೊಂಟನೋವು. ಎರಡಕ್ಕೂ ಎಂಆರ್‌ಐ ಮಾಡಿಸಿದೆ. ಬೆನ್ನಿನ ರಿಪೋರ್ಟ್‌ನಲ್ಲಿ ‘ಎಲ್‌4–ಎಲ್‌5 ಡಿಸ್ಕ್ ಸವೆತ, ಡಿಸ್ಕ್ ಬಲ್ಜ್’ ಎಂದಿದೆ. ಮಿದುಳಿನ ರಿಪೋರ್ಟ್‌ನಲ್ಲಿ ‘ಬಿಳಿ ಭಾಗದಲ್ಲಿ ಕೆಲವು ಸಣ್ಣ ಚುಕ್ಕೆಗಳು, ನಿರ್ದಿಷ್ಟ ಕಾರಣ ಹೇಳಲಾಗದು’ ಎಂದಿದೆ. ಡಾಕ್ಟರು ಗಾಬರಿ ಬೇಡ ಅಂದರು. ಆದರೂ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಈಗ ಅದೇ ಆಸ್ಪತ್ರೆಯವರು ಸ್ಕ್ಯಾನ್ ಸಂಶೋಧನೆಯೊಂದಕ್ಕೆ ಸೇರುತ್ತೀರಾ ಎಂದು ಕೇಳಿದ್ದಾರೆ. ಸೇರಬಹುದಾ? ಅಪಾಯ ಇದೆಯಾ? ಇಷ್ಟೊಂದು ಜನರ ತಲೆ, ಬೆನ್ನು ಸ್ಕ್ಯಾನ್ ಮಾಡಿ ಇವರು ಕಂಡುಹಿಡಿದದ್ದಾದರೂ ಏನು?

ಉತ್ತರ:

ನಿಮ್ಮ ನಿದ್ದೆ ಕೆಡಿಸಿದ ಆ ಎರಡು ಸಾಲುಗಳಿಂದಲೇ ಶುರು ಮಾಡೋಣ. ಸಂಶೋಧನೆಯ ವಿಷಯ ಆಮೇಲೆ ನೋಡೋಣ. ಹಾಗೆ ನೋಡಿದರೆ ಇವು ಎರಡು ಬೇರೆ ಪ್ರಶ್ನೆಗಳೇ ಅಲ್ಲ. ಆ ಸಾಲುಗಳಿಗೆ ಅಷ್ಟು ಹೆದರಬೇಡಿ ಎಂದು ನಾನಿವತ್ತು ಧೈರ್ಯವಾಗಿ ಹೇಳುತ್ತಿದ್ದೇನಲ್ಲ, ಆ ಧೈರ್ಯ ಬಂದದ್ದು ಎಲ್ಲಿಂದ? ಯಾವ ನೋವೂ ಇಲ್ಲದ ಸಾವಿರಾರು ಜನ ಸಂಶೋಧನೆಗೆಂದು ಆ ಯಂತ್ರದೊಳಗೆ ಹೋಗಿ ಮಲಗಿದ್ದರಿಂದ.

ನಾನು ಮಿದುಳು, ಬೆನ್ನು, ತಲೆ-ಕತ್ತಿನ ಸ್ಕ್ಯಾನ್‌ಗಳನ್ನೇ ಓದುವ ರೇಡಿಯಾಲಜಿಸ್ಟ್. ದಿನಾ ಹತ್ತಾರು ಬೆನ್ನುಗಳು ನನ್ನ ಪರದೆಯ ಮೇಲೆ ಬರುತ್ತವೆ. ಬೆನ್ನನ್ನು ಪಕ್ಕದಿಂದ ನೋಡಿದ ಚಿತ್ರದಲ್ಲಿ ಮೂಳೆಗಳು ಒಂದರ ಮೇಲೊಂದು ಪೇರಿಸಿಟ್ಟ ಡಬ್ಬಗಳ ಹಾಗೆ ಕಾಣುತ್ತವೆ. ನಡುನಡುವೆ ಮೆತ್ತೆಯಂಥ ಡಿಸ್ಕ್‌ಗಳು. ಎಳೆ ವಯಸ್ಸಿನವರ ಡಿಸ್ಕ್‌ನ ನಡುಭಾಗ ಬೆಳ್ಳಗೆ ಹೊಳೆಯುತ್ತಿರುತ್ತದೆ. ಒಳಗೆ ನೀರು ಜಾಸ್ತಿ ಇರುತ್ತದೆ, ಅದಕ್ಕೆ. ವರ್ಷ ಕಳೆದ ಹಾಗೆ ನೀರಿನ ಅಂಶ ಇಳಿಯುತ್ತದೆ. ಡಿಸ್ಕ್ ಚಿತ್ರದಲ್ಲಿ ಕಪ್ಪಾಗುತ್ತದೆ, ಎತ್ತರ ಸ್ವಲ್ಪ ಕುಗ್ಗುತ್ತದೆ, ಅಂಚು ಸುತ್ತಲೂ ಒಂಚೂರು ಹೊರಗೆ ಬರುತ್ತದೆ. ಗಾಳಿ ಕಮ್ಮಿಯಾದ ಟೈರು ನೆಲದ ಹತ್ತಿರ ಅಗಲವಾಗುತ್ತದಲ್ಲ, ಹಾಗೆ. ‘ಡಿಸ್ಕ್ ಸವೆತ, ಡಿಸ್ಕ್ ಬಲ್ಜ್’ ಅಂದರೆ ಇಷ್ಟೇ. ಎಲ್‌4–ಎಲ್‌5 ಎಂದರೆ ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಜಾಗ.

ಇದು ಕಾಯಿಲೆಯಾ, ಇಲ್ಲ ತಲೆಕೂದಲು ನೆರೆಯುವ ಹಾಗೆ ವಯಸ್ಸಿನ ಗುರುತಾ? ನೋವಿರುವವರ ಸ್ಕ್ಯಾನ್ ಎಷ್ಟು ನೋಡಿದರೂ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆಸ್ಪತ್ರೆಗೆ ಬರುವವರಿಗೆಲ್ಲ ನೋವು ಇದ್ದೇ ಇರುತ್ತದೆ, ಚಿತ್ರದಲ್ಲಿ ಬಲ್ಜ್ ಕೂಡ ಇರುತ್ತದೆ. ಇದರಿಂದಲೇ ಅದು ಎಂದು ನಂಬಿಬಿಡುವುದು ಸುಲಭ. ಉತ್ತರ ಬೇಕಿದ್ದರೆ ನೋವಿಲ್ಲದವರನ್ನು ಕರೆದು ಮಲಗಿಸಬೇಕು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದನ್ನೇ ಮಾಡಿತು. ಸೊಂಟನೋವಿಲ್ಲದ 98 ಜನರಿಗೆ ಎಂಆರ್‌ಐ ಮಾಡಿದರು. ಅವರಲ್ಲಿ 52% ಜನರಿಗೆ ಕನಿಷ್ಠ ಒಂದು ಕಡೆ ಬಲ್ಜ್ ಇತ್ತು. ಎಲ್ಲ ಡಿಸ್ಕ್‌ಗಳೂ ಚೆನ್ನಾಗಿದ್ದವರು 36% ಮಾತ್ರ. ಆಮೇಲೆ 2015ರಲ್ಲಿ ಇಂಥ 33 ಅಧ್ಯಯನಗಳನ್ನು ಒಟ್ಟು ಸೇರಿಸಿ, ನೋವಿಲ್ಲದ 3,110 ಜನರ ಲೆಕ್ಕ ಹಾಕಿದರು. 20ರ ವಯಸ್ಸಿನಲ್ಲೇ 37% ಜನರಲ್ಲಿ ಡಿಸ್ಕ್ ಸವೆತ, 30% ಜನರಲ್ಲಿ ಬಲ್ಜ್. 40ರ ಹೊತ್ತಿಗೆ ಸವೆತ 68%, ಬಲ್ಜ್ 50%. 80ಕ್ಕೆ ಬಂದರೆ ಸವೆತ 96%. ಮತ್ತೆ ಹೇಳುತ್ತೇನೆ, ಇವರ್ಯಾರಿಗೂ ಬೆನ್ನುನೋವಿರಲಿಲ್ಲ. ನಿಮ್ಮ ವಯಸ್ಸಿನ, ಆರಾಮವಾಗಿ ಓಡಾಡಿಕೊಂಡಿರುವ ಇಬ್ಬರನ್ನು ಹಿಡಿದು ತಂದರೆ ಸರಾಸರಿ ಒಬ್ಬರಲ್ಲಿ ನಿಮ್ಮ ರಿಪೋರ್ಟ್‌ನ ಇದೇ ಸಾಲು ಬರೆಯಬೇಕಾಗುತ್ತದೆ.

ಹಾಗಂತ ನಿಮ್ಮ ನೋವು ಸುಳ್ಳು ಎಂದಲ್ಲ. ನೋವು ನಿಜ. ಆ ನೋವಿಗೆ ಈ ಬಲ್ಜೇ ಕಾರಣ ಎಂದು ಚಿತ್ರವೊಂದನ್ನೇ ನೋಡಿ ಹೇಳಲು ಬರುವುದಿಲ್ಲ, ಅಷ್ಟೇ. ಕಾಲಿಗೆ ಎಳೆಯುವ ನೋವು, ಯಾವ ಬೆರಳಿಗೆ ಜೋಮು, ಯಾವ ಸ್ನಾಯುವಿನ ಬಲ ಕಮ್ಮಿ ಎಂದು ಡಾಕ್ಟರು ಮುಟ್ಟಿ ನೋಡಿದ್ದಕ್ಕೂ ಚಿತ್ರದಲ್ಲಿ ಅದುಮಿದ ನರಕ್ಕೂ ತಾಳೆಯಾದರೆ ಆಗ ಮಾತು ಬೇರೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಡದ್ದನ್ನೆಲ್ಲ ಉದ್ದಕ್ಕೆ ಬರೆಯುತ್ತಿದ್ದೆ. ಒಬ್ಬ ಯುವತಾಯಿಯ ರಿಪೋರ್ಟ್‌ನಲ್ಲಿ ಸವೆತ, ಬಲ್ಜ್, ಸೀಳು ಅಂತ ಐದಾರು ಸಾಲು ಬರೆದಿದ್ದೆ. ಒಂದು ವರ್ಷದ ಮೇಲೆ ಅವರು ಮತ್ತೆ ಬಂದರು. ‘ಅವತ್ತಿನಿಂದ ಮಗೂನ ಎತ್ತಿಕೊಂಡೇ ಇಲ್ಲ ಡಾಕ್ಟ್ರೇ, ಬೆನ್ನು ಮುರಿದುಹೋದರೆ ಅಂತ’ ಅಂದರು. ಅವರ ನರಗಳಿಗೆ ಏನೂ ಆಗಿರಲಿಲ್ಲ. ಕಾಲಿನ ಬಲ ಸರಿಯಾಗಿತ್ತು. ಆ ಒಂದು ವರ್ಷ ಅವರ ಕೈತಪ್ಪಿ ಹೋದದ್ದು ನಾನು ಬರೆದ ಮಾತುಗಳಿಂದ. ಅಂದಿನಿಂದ ಪ್ರತಿ ರಿಪೋರ್ಟ್ ಬರೆಯುವಾಗಲೂ ಇದನ್ನು ಓದುವವರು ಡಾಕ್ಟರು ಮಾತ್ರ ಅಲ್ಲ ಎಂದು ನೆನಪಿಟ್ಟುಕೊಳ್ಳುತ್ತೇನೆ.

ಓದುವವರು ಬದಲಾದರೆ ರಿಪೋರ್ಟ್ ಕೂಡ ಬದಲಾಗುತ್ತದೆ, ಇದೂ ನಿಮಗೆ ತಿಳಿದಿರಲಿ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 63 ವರ್ಷದ ಒಬ್ಬ ಮಹಿಳೆ ಮೂರು ವಾರದೊಳಗೆ ಹತ್ತು ಬೇರೆ ಬೇರೆ ಕಡೆ ಬೆನ್ನಿನ ಎಂಆರ್‌ಐ ಮಾಡಿಸಿಕೊಂಡರು. ಬೆನ್ನು ಒಂದೇ, ರಿಪೋರ್ಟ್ ಹತ್ತು. ಹತ್ತರಲ್ಲೂ ಸೇರಿ 49 ಬೇರೆ ಬೇರೆ ದೋಷಗಳನ್ನು ಬರೆದಿದ್ದರು. ಹತ್ತೂ ರಿಪೋರ್ಟ್‌ಗಳಲ್ಲಿ ಇದ್ದ ದೋಷ ಒಂದೂ ಇರಲಿಲ್ಲ. ನನ್ನದೇ ವೃತ್ತಿಯ ಬಗ್ಗೆ ಬಂದ ಈ ಲೆಕ್ಕ ಓದಿದಾಗ ನನಗೆ ನೋವಾಯಿತು. ಆದರೆ ಇದು ಹೊರಗೆ ಬಂದದ್ದು ಒಳ್ಳೆಯದೇ ಆಯಿತು. ರಿಪೋರ್ಟ್ ಬರೆಯುವ ಭಾಷೆ ಎಲ್ಲ ಕಡೆ ಒಂದೇ ರೀತಿ ಇರಬೇಕು ಎಂಬ ಮಾತಿಗೆ ಇಂಥ ಅಧ್ಯಯನಗಳಿಂದಲೇ ಬಲ ಬಂತು.

ಹಾಗಾದರೆ ‘ನೋವಿಲ್ಲದವರಲ್ಲೂ ಇದು ಇರುತ್ತದೆ’ ಎಂಬ ಸಾಲನ್ನು ರಿಪೋರ್ಟ್‌ನಲ್ಲೇ ಸೇರಿಸಿದರೆ ಆಯ್ತಲ್ಲ ಅನ್ನಿಸಬಹುದು. ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದಲ್ಲಿ ಸುಮಾರು ಎರಡೂವರೆ ಲಕ್ಷ ರೋಗಿಗಳ ಮೇಲೆ ನಡೆದ ಆ ಅಧ್ಯಯನದ ಫಲಿತಾಂಶ 2020ರಲ್ಲಿ ಬಂತು. ಬೆನ್ನಿಗಾಗಿ ಮಾಡಿಸುವ ಪರೀಕ್ಷೆ, ಚಿಕಿತ್ಸೆಗಳ ಒಟ್ಟು ಪ್ರಮಾಣ ಕಡಿಮೆಯಾಗಲಿಲ್ಲ. ಅಫೀಮಿನ ಜಾತಿಯ ನೋವಿನ ಮಾತ್ರೆಗಳನ್ನು ಬರೆದುಕೊಡುವುದು ಮಾತ್ರ ಸ್ವಲ್ಪ ಇಳಿಯಿತು. ಕಾಗದದ ಮೇಲಿನ ಒಂದು ಸಾಲಿನಿಂದ ಭಯ ಹೋಗುವುದಿಲ್ಲ. ಎದುರಿಗೆ ಕೂತು ಯಾರಾದರೂ ಬಿಡಿಸಿ ಹೇಳಬೇಕು. ಅದಕ್ಕೇ ನಿಮಗೆ ಇಷ್ಟುದ್ದ ಬರೆಯುತ್ತಿದ್ದೇನೆ.

ಬೆನ್ನಿನ ಬಗ್ಗೆ ಇನ್ನೊಂದು ಮಾತು. ಡಿಸ್ಕ್‌ನ ತುಂಡು ಹೊರಗೆ ಬಂದು ಬಿದ್ದಿದೆ ಎಂದರೆ ಎಲ್ಲರೂ ಆಪರೇಷನ್ನೇ ಗತಿ ಅಂದುಕೊಳ್ಳುತ್ತಾರೆ. ಆದರೆ ಆರೆಂಟು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನಗಳು ಬೇರೆಯೇ ಹೇಳುತ್ತವೆ. ಸುಮ್ನೆ ಉಬ್ಬಿಕೊಂಡ ಡಿಸ್ಕ್ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಪೂರ್ತಿ ತುಂಡಾಗಿ ಹೊರಬಿದ್ದದ್ದು ಬಹಳ ಸಲ ತಾನಾಗಿಯೇ ಕರಗುತ್ತದೆ. ಹೊರಗೆ ಬಿದ್ದ ತುಂಡನ್ನು ದೇಹ ಹೊರಗಿನ ವಸ್ತು ಎಂದು ಗುರುತಿಸಿ, ರಕ್ಷಣೆಯ ಕಣಗಳನ್ನು ಕಳಿಸಿ, ಸ್ವಲ್ಪಸ್ವಲ್ಪವಾಗಿ ತಿಂದುಹಾಕುತ್ತದೆ. ಮೊದಲ ಸ್ಕ್ಯಾನ್, ಎರಡನೇ ಸ್ಕ್ಯಾನ್ ಅಕ್ಕಪಕ್ಕ ಇಟ್ಟಾಗ ಆ ತುಂಡು ಮಾಯವಾಗಿರುವುದನ್ನು ನಾನೂ ಎಷ್ಟೋ ಸಲ ನೋಡಿದ್ದೇನೆ. ಈಗಲೂ ಪ್ರತಿ ಸಲ ಖುಷಿಯಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಮೂತ್ರ ಕಟ್ಟಿಕೊಳ್ಳುವುದು ಅಥವಾ ಹಿಡಿತ ತಪ್ಪುವುದು, ಕೂರುವ ಜಾಗ ಮರಗಟ್ಟುವುದು, ಕಾಲಿನ ಬಲ ದಿನದಿನಕ್ಕೆ ಕುಸಿಯುವುದು ಕಂಡರೆ ಕಾಯುವ ಮಾತೇ ಇಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಈಗ ಮಿದುಳಿನ ಚುಕ್ಕೆಗಳು. ಮಿದುಳಿನ ಒಳಭಾಗದಲ್ಲಿ ನರತಂತುಗಳು ಹಾದುಹೋಗುವ ಜಾಗವನ್ನು ಬಿಳಿ ಭಾಗ ಅನ್ನುತ್ತೇವೆ. ಅಲ್ಲಿ ಒಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಬೆಳ್ಳನೆಯ ಸಣ್ಣ ಚುಕ್ಕೆಗಳು ಕಾಣುತ್ತವೆ. ವಯಸ್ಸಾದಂತೆ ಹೆಚ್ಚುತ್ತವೆ. ಬಿಪಿ ಇದ್ದವರಲ್ಲಿ, ಮೈಗ್ರೇನ್ ಇದ್ದವರಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ‘ನಿರ್ದಿಷ್ಟ ಕಾರಣ ಹೇಳಲಾಗದು’ ಎಂದು ಬರೆದದ್ದು ಏನನ್ನೋ ಮುಚ್ಚಿಡಲು ಅಲ್ಲ. ಆ ಚುಕ್ಕೆಗಳ ಜಾಗ, ಆಕಾರ ಯಾವ ಒಂದು ಕಾಯಿಲೆಯ ಕಡೆಗೂ ಬೆರಳು ಮಾಡುತ್ತಿಲ್ಲ ಎಂದು ಅರ್ಥ. ಮಲ್ಟಿಪಲ್ ಸ್ಕ್ಲೆರೋಸಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ನರತಂತುಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ) ಇದ್ದವರ ಚುಕ್ಕೆಗಳು ಬೇರೆ ಥರ ಇರುತ್ತವೆ. ಮಿದುಳಿನ ನಡುವೆ ನೀರು ತುಂಬಿದ ಕೋಣೆಗಳಿವೆ. ಆ ಕಾಯಿಲೆಯ ಚುಕ್ಕೆಗಳು ಈ ಕೋಣೆಗಳ ಅಂಚಿಗೆ ಅಂಟಿಕೊಂಡು, ಮೊಟ್ಟೆಯಾಕಾರದಲ್ಲಿ ನಿಂತಿರುತ್ತವೆ. ಬಹಳಷ್ಟರ ನಡುವೆ ಒಂದು ಸಣ್ಣ ರಕ್ತನಾಳ ಗೆರೆಯ ಹಾಗೆ ಹಾದುಹೋಗುತ್ತದೆ. ಆ ಗೆರೆಯನ್ನು ಹುಡುಕುವುದು ಹೇಗೆ ಎಂದು ಕಲಿತದ್ದು ಇತ್ತೀಚಿನ ಸಂಶೋಧನೆಯಿಂದಲೇ. ನಿಮ್ಮ ಮಟ್ಟಿಗೆ ನಾಳೆಯಿಂದ ಮಾಡಬೇಕಾದ ಕೆಲಸ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳುವುದು, ಬೀಡಿ-ಸಿಗರೇಟು ಇದ್ದರೆ ಬಿಡುವುದು. ಸಣ್ಣ ರಕ್ತನಾಳಗಳನ್ನು ಕಾಪಾಡುವ ದಾರಿ ಇದು.

ತಲೆನೋವಿನಲ್ಲೂ ಕಾಯಬಾರದ ಸಂದರ್ಭಗಳಿವೆ. ಒಂದೇ ಕ್ಷಣದಲ್ಲಿ ಸಿಡಿಲು ಹೊಡೆದ ಹಾಗೆ ಬಂದ ತಲೆನೋವು, ಜ್ವರದ ಜೊತೆ ಕತ್ತು ಬಿಗಿಯುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಇವು ಬಂದರೆ ಕೂಡಲೇ ಹೋಗಿ.

ಇನ್ನು ‘ಕಂಡುಹಿಡಿದದ್ದಾದರೂ ಏನು’ ಎಂದು ಕೇಳಿದ್ದೀರಿ. ಸ್ವಲ್ಪ ಹಿಂದಕ್ಕೆ ಹೋಗೋಣ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಮಿದುಳು ಕಾಣುವುದಿಲ್ಲ. 1919ರಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಸರ್ಜನ್ ಒಂದು ಉಪಾಯ ಬರೆದರು. ಸೊಂಟಕ್ಕೆ ಸೂಜಿ ಚುಚ್ಚಿ, ಮಿದುಳಿನ ಸುತ್ತಲಿನ ನೀರನ್ನು ಸ್ವಲ್ಪ ತೆಗೆದು, ಆ ಜಾಗಕ್ಕೆ ಗಾಳಿ ತುಂಬಿ ಎಕ್ಸ್‌ರೇ ತೆಗೆಯುವುದು. ಗಾಳಿಯ ನೆರಳಿನಿಂದ ಗಡ್ಡೆ ಎಲ್ಲಿದೆ ಎಂದು ಊಹಿಸುವುದು. ರೋಗಿಗೆ ತಡೆಯಲಾಗದ ತಲೆನೋವು, ವಾಂತಿ. ಐವತ್ತು ವರ್ಷ ಇದೇ ನಡೆಯಿತು. 1971ರ ಅಕ್ಟೋಬರ್ 1ರಂದು ಲಂಡನ್‌ನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಎಂಬ ಇಂಜಿನಿಯರ್ ಕಟ್ಟಿದ ಯಂತ್ರದಲ್ಲಿ ಮೊದಲ ರೋಗಿಯ ಸಿಟಿ ಸ್ಕ್ಯಾನ್ ಆಯಿತು. ಚಿತ್ರ ಉದ್ದಕ್ಕೆ 80, ಅಗಲಕ್ಕೆ 80 ಚುಕ್ಕೆಗಳಷ್ಟೇ. ಆದರೂ ಮಿದುಳಿನೊಳಗಿನ ಗಡ್ಡೆ ಕಪ್ಪಾಗಿ, ಸ್ಪಷ್ಟವಾಗಿ ಕಂಡಿತು. ಸೂಜಿ ಇಲ್ಲ, ಗಾಳಿ ಇಲ್ಲ. 1973ರಲ್ಲಿ ಪಾಲ್ ಲೌಟರ್‌ಬರ್ ಆಯಸ್ಕಾಂತದಿಂದ ಚಿತ್ರ ತೆಗೆಯುವ ದಾರಿ ತೋರಿಸಿದರು. ಅದೇ ಮುಂದೆ ಎಂಆರ್‌ಐ ಆಯಿತು. ಹೌನ್ಸ್‌ಫೀಲ್ಡ್‌ಗೆ 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ, ಲೌಟರ್‌ಬರ್‌ಗೆ 2003ರಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಜೊತೆ ನೊಬೆಲ್ ಬಂತು.

ಯಂತ್ರ ಬಂದದ್ದು ಅರ್ಧ ಕತೆ. ಆ ಯಂತ್ರದಿಂದ ಯಾರ ಜೀವ ಉಳಿಯಿತು ಅನ್ನುವುದು ಉಳಿದರ್ಧ. ನನ್ನ ಮಟ್ಟಿಗೆ ಅತಿ ದೊಡ್ಡ ಗೆಲುವು ಸ್ಟ್ರೋಕ್‌ನದು, ನಾವು ಲಕ್ವ ಅನ್ನುತ್ತೇವಲ್ಲ ಅದು. ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಂಡರೆ ಅದರಾಚೆಗಿನ ಮಿದುಳು ಸಾಯಲು ಶುರುವಾಗುತ್ತದೆ. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಿದರು. ಮೊದಲ ಕೆಲವು ಗಂಟೆ ಸಿಟಿ ಸ್ಕ್ಯಾನ್ ಹೆಚ್ಚುಕಡಿಮೆ ಸರಿಯಾಗಿಯೇ ಕಾಣಬಹುದು. ಆದರೆ 1980ರ ದಶಕದಲ್ಲಿ ಡೆನಿಸ್ ಲೆ ಬಿಹಾನ್ ಮೊದಲಾದವರು ಒಂದು ಹೊಸ ಎಂಆರ್‌ಐ ವಿಧಾನ ಬೆಳೆಸಿದರು. ಅದು ನೋಡುವುದು ನೀರಿನ ಕಣಗಳ ಓಡಾಟವನ್ನು. ರಕ್ತ ನಿಂತ ಕೂಡಲೇ ಕೋಶದ ಶಕ್ತಿ ಮುಗಿಯುತ್ತದೆ. ಉಪ್ಪನ್ನು ಹೊರಗೆ ತಳ್ಳುವ ಪಂಪು ನಿಲ್ಲುತ್ತದೆ. ನೀರು ಕೋಶದೊಳಗೆ ನುಗ್ಗಿ ಅಲ್ಲೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಓಡಾಡಲಾಗದ ಆ ನೀರು ಚಿತ್ರದಲ್ಲಿ ದೀಪ ಹಚ್ಚಿದ ಹಾಗೆ ಬೆಳಗುತ್ತದೆ. ಅದೂ ಕೆಲವೇ ನಿಮಿಷಗಳಲ್ಲಿ. ರಾತ್ರಿ ಎರಡು ಗಂಟೆಗೆ ಮಂದ ಬೆಳಕಿನ ಕೋಣೆಯಲ್ಲಿ ಕೂತು ಒಂದೊಂದೇ ಪದರ ಜಾರಿಸುತ್ತಿರುವಾಗ, ಬೂದು ಬಣ್ಣದ ನಡುವೆ ಆ ಬಿಳಿ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ಕೈ ತಾನಾಗಿಯೇ ಫೋನಿನ ಕಡೆ ಹೋಗುತ್ತದೆ.

ಇದರಿಂದ ಏನಾಯಿತು ನೋಡಿ. ಮೊದಲು ಸ್ಟ್ರೋಕ್ ಚಿಕಿತ್ಸೆ ಎಂದರೆ ಗಡಿಯಾರ ನೋಡುವುದು. ಶುರುವಾಗಿ ಎಷ್ಟು ಹೊತ್ತಾಯಿತು? ಇಷ್ಟು ಗಂಟೆ ದಾಟಿದರೆ ಏನೂ ಮಾಡುವ ಹಾಗಿರಲಿಲ್ಲ. ಆದರೆ ಕೆಲವರಲ್ಲಿ ಪಕ್ಕದ ಸಣ್ಣ ನಾಳಗಳಿಂದ ಒಂದಿಷ್ಟು ರಕ್ತ ಬಂದು ಮಿದುಳು ಬಹಳ ಹೊತ್ತು ಜೀವ ಹಿಡಿದುಕೊಂಡಿರುತ್ತದೆ. ಸತ್ತ ಭಾಗ ಎಷ್ಟು ಎಂದು ಸ್ಕ್ಯಾನ್‌ನಲ್ಲಿ ಅಳೆದು, ಅದನ್ನು ರೋಗಿಯ ಕೈಕಾಲು, ಮಾತು ಎಷ್ಟು ಸೋತಿದೆ ಎಂಬುದಕ್ಕೆ ಹೋಲಿಸಿ, ಇನ್ನೂ ಉಳಿಸಬಹುದಾದ ಭಾಗ ಇರುವವರನ್ನು ಆರಿಸಿದರೆ? ಡಾನ್ ಎಂಬ ಹೆಸರಿನ ಅಧ್ಯಯನ ಇದನ್ನೇ ಮಾಡಿ 2018ರಲ್ಲಿ ಪೂರ್ತಿ ಫಲಿತಾಂಶ ಪ್ರಕಟಿಸಿತು. ಸ್ಟ್ರೋಕ್ ಆಗಿ 6ರಿಂದ 24 ಗಂಟೆ ಕಳೆದಿದ್ದ 206 ಜನರು ಅದರಲ್ಲಿದ್ದರು. ನಾಳದೊಳಗೆ ತಂತಿ ಕಳಿಸಿ ಹೆಪ್ಪು ಎಳೆದು ತೆಗೆದವರಲ್ಲಿ 49% ಜನ ಮೂರು ತಿಂಗಳಿಗೆ ಯಾರ ಆಸರೆಯೂ ಇಲ್ಲದೆ ತಮ್ಮ ಕೆಲಸ ತಾವು ಮಾಡಿಕೊಳ್ಳುವಂತಾದರು. ಬರೀ ಔಷಧಿ ಪಡೆದವರಲ್ಲಿ ಹಾಗಾದದ್ದು 13%. ಇಷ್ಟು ದೊಡ್ಡ ವ್ಯತ್ಯಾಸ ವೈದ್ಯಕೀಯದಲ್ಲಿ ತೀರಾ ಅಪರೂಪ. ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು, ಏಕೆಂದರೆ ಉತ್ತರ ಆಗಲೇ ಸಿಕ್ಕಿತ್ತು.

ಬೆಳಿಗ್ಗೆ ಏಳುವಾಗಲೇ ಕೈ ಸೋತಿರುವವರ ಕತೆಯೂ ಹಾಗೆಯೇ. ಯಾವಾಗ ಶುರುವಾಯಿತೆಂದು ಅವರಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ನೀರಿನ ಓಡಾಟದ ಚಿತ್ರದಲ್ಲಿ ಬಿಳಿ ಕಾಣುತ್ತಿದೆ, ಆದರೆ ಫ್ಲೇರ್ ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ಇನ್ನೂ ಕಾಣುತ್ತಿಲ್ಲ ಎಂದರೆ ಸ್ಟ್ರೋಕ್ ಹೊಸದು, ಬಹುಮಟ್ಟಿಗೆ ನಾಲ್ಕೂವರೆ ಗಂಟೆಯೊಳಗಿನದು. ಚಿತ್ರವೇ ಗಡಿಯಾರವಾಯಿತು. ಅದೇ 2018ರಲ್ಲಿ ಬಂದ ವೇಕ್-ಅಪ್ ಅಧ್ಯಯನದಲ್ಲಿ ಹೀಗೆ ಆರಿಸಿ ಹೆಪ್ಪು ಕರಗಿಸುವ ಔಷಧಿ ಕೊಟ್ಟವರಲ್ಲಿ 53.3% ಜನ ಚೆನ್ನಾಗಿ ಚೇತರಿಸಿಕೊಂಡರು. ಕೊಡದವರಲ್ಲಿ 41.8%. ಔಷಧಿ ಕೊಟ್ಟವರಲ್ಲಿ ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚಿತ್ತು ಎಂಬುದನ್ನೂ ಹೇಳಲೇಬೇಕು.

ಕತ್ತಿನ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಅಧ್ಯಯನ ಒಂದಿದೆ. ಬಾಯಿ-ಗಂಟಲಿನ ಕ್ಯಾನ್ಸರ್ ಕತ್ತಿನ ಗಂಟುಗಳಿಗೆ ಹರಡಿದ್ದರೆ, ರೇಡಿಯೇಷನ್ ಮತ್ತು ಕೀಮೋ ಮುಗಿದ ಮೇಲೆ ಎಲ್ಲಾದರೂ ಉಳಿದಿದ್ದರೆ ಎಂಬ ಭಯಕ್ಕೆ ಕತ್ತು ಕೊಯ್ದು ಗಂಟುಗಳನ್ನು ತೆಗೆಯುವ ರೂಢಿ ಇತ್ತು. ಆ ಆಪರೇಷನ್ ಆದ ಮೇಲೆ ಕೆಲವರಿಗೆ ಭುಜ ಎತ್ತಲು ಆಗುವುದಿಲ್ಲ, ಕತ್ತು ಬಿಗಿಯುತ್ತದೆ. ಬ್ರಿಟನ್‌ನಲ್ಲಿ 564 ರೋಗಿಗಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ರೂಢಿಯಂತೆ ಆಪರೇಷನ್. ಇನ್ನರ್ಧ ಜನರಿಗೆ ಚಿಕಿತ್ಸೆ ಮುಗಿದು 12 ವಾರಕ್ಕೆ ಪೆಟ್-ಸಿಟಿ ಸ್ಕ್ಯಾನ್ (ಕ್ಯಾನ್ಸರ್ ಇನ್ನೂ ಎಲ್ಲಿ ಚುರುಕಾಗಿದೆ ಎಂದು ತೋರಿಸುವ ಸ್ಕ್ಯಾನ್), ಕ್ಯಾನ್ಸರ್ ಉಳಿದಿದೆ ಎನಿಸಿದರೆ ಮಾತ್ರ ಆಪರೇಷನ್. ಎರಡು ವರ್ಷದ ನಂತರ ಬದುಕಿದ್ದವರು ಸ್ಕ್ಯಾನ್ ಗುಂಪಿನಲ್ಲಿ 84.9%, ಆಪರೇಷನ್ ಗುಂಪಿನಲ್ಲಿ 81.5%. ಸ್ಕ್ಯಾನ್ ನಂಬಿದವರಿಗೆ ನಷ್ಟವಾಗಲಿಲ್ಲ. ಆಪರೇಷನ್‌ಗಳು ಎಷ್ಟು? ಒಂದು ಕಡೆ 221, ಇನ್ನೊಂದು ಕಡೆ ಬರೀ 54. ಅಷ್ಟು ಜನ ಕತ್ತಿನ ಮೇಲೆ ಹೊಲಿಗೆ ಹಾಕಿಸಿಕೊಳ್ಳದೆ ಮನೆಗೆ ಹೋದರು.

ಇದಕ್ಕೆ ತದ್ವಿರುದ್ಧವಾದದ್ದೂ ಕತ್ತಿನಲ್ಲೇ ನಡೆದಿದೆ. ದಕ್ಷಿಣ ಕೊರಿಯಾದಲ್ಲಿ ತಪಾಸಣೆಗೆಂದು ಬಂದವರಿಗೆಲ್ಲ ಥೈರಾಯ್ಡ್ ಅಲ್ಟ್ರಾಸೌಂಡ್ ಮಾಡುವ ರೂಢಿ ಬೆಳೆಯಿತು. 1993ರಿಂದ 2011ರ ಒಳಗೆ ಥೈರಾಯ್ಡ್ ಕ್ಯಾನ್ಸರ್ 15 ಪಟ್ಟು ಹೆಚ್ಚಾಯಿತು. ಅದರಿಂದ ಸಾಯುವವರ ಸಂಖ್ಯೆ ಮಾತ್ರ ಇದ್ದಷ್ಟೇ ಇತ್ತು. ಅಂದರೆ ಏನು? ಜೀವಮಾನ ಪೂರ್ತಿ ತೊಂದರೆ ಕೊಡದೆ ಇರುತ್ತಿದ್ದ ಸಣ್ಣ ಗಡ್ಡೆಗಳನ್ನು ಹುಡುಕಿ ಹುಡುಕಿ ತೆಗೆದರು. ಎಷ್ಟೋ ಜನ ಥೈರಾಯ್ಡ್ ಕಳೆದುಕೊಂಡು ದಿನಾ ಮಾತ್ರೆ ನುಂಗುವಂತಾಯಿತು. ಕಾಣುವುದು ಬೇರೆ, ಕಂಡದ್ದರಿಂದ ಒಳ್ಳೆಯದಾಗುವುದು ಬೇರೆ. ನಿಮ್ಮ ಡಿಸ್ಕ್ ಬಲ್ಜ್‌ನ ಪಾಠವೇ ಇದು, ಅಲ್ವಾ?

ಸಂಶೋಧನೆ ತಪ್ಪು ದಾರಿ ಹಿಡಿದದ್ದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಯೋಚಿಸುವಾಗ ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೆ ಎಂದು ಬಣ್ಣಬಣ್ಣದಲ್ಲಿ ತೋರಿಸುವ ಫಂಕ್ಷನಲ್ ಎಂಆರ್‌ಐ ಚಿತ್ರಗಳನ್ನು ನೀವು ನೋಡಿರಬಹುದು. 2020ರಲ್ಲಿ ಒಂದೇ ಮಾಹಿತಿಯನ್ನು 70 ತಂಡಗಳಿಗೆ ಕೊಟ್ಟು ಒಂಬತ್ತು ಪ್ರಶ್ನೆಗಳಿಗೆ ಉತ್ತರ ಕೇಳಿದರು. ಯಾವ ಎರಡು ತಂಡಗಳೂ ಒಂದೇ ರೀತಿ ಲೆಕ್ಕ ಮಾಡಲಿಲ್ಲ, ಹಲವು ಪ್ರಶ್ನೆಗಳಿಗೆ ಉತ್ತರವೂ ಒಂದೇ ಬರಲಿಲ್ಲ. ಮಿದುಳಿನ ಆಕಾರಕ್ಕೂ ಸ್ವಭಾವಕ್ಕೂ ಸಂಬಂಧ ಹುಡುಕುವ ಅಧ್ಯಯನ ನಂಬುವಂತಿರಬೇಕಾದರೆ ಸಾವಿರಾರು ಜನ ಬೇಕು, ಹತ್ತಿಪ್ಪತ್ತು ಜನ ಸಾಲದು ಎಂದು 2022ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ತೋರಿಸಿತು. ಆದ್ದರಿಂದ ‘ನಿಮ್ಮ ಮಿದುಳು ಸ್ಕ್ಯಾನ್ ಮಾಡಿ ನಿಮ್ಮ ಗುಣ ಹೇಳುತ್ತೇವೆ’ ಎನ್ನುವವರನ್ನು ನಂಬಬೇಡಿ. ಅದೇ ಯಂತ್ರ ಅಚ್ಚರಿಯ ಕೆಲಸವನ್ನೂ ಮಾಡಿದೆ. ಅಪಘಾತದ ನಂತರ ಯಾವ ಮಾತಿಗೂ ಪ್ರತಿಕ್ರಿಯೆ ತೋರದ ಒಬ್ಬ ಯುವತಿಗೆ ‘ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಿ’ ಎಂದಾಗ ಅವಳ ಮಿದುಳಿನಲ್ಲಿ ಆರೋಗ್ಯವಂತರಲ್ಲಿ ಕಾಣುವ ಭಾಗಗಳೇ ಎಚ್ಚೆತ್ತವು. ಏಡ್ರಿಯನ್ ಓವನ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ವರದಿ ಮಾಡಿದರು. ಅವಳು ಕೇಳಿಸಿಕೊಳ್ಳುತ್ತಿದ್ದಳು.

ಈಗ ನಿಮ್ಮ ಮುಂದಿರುವ ಒಪ್ಪಿಗೆ ಪತ್ರಕ್ಕೆ ಬರೋಣ. ಮೊದಲನೆಯದಾಗಿ, ಸಂಶೋಧನೆ ಚಿಕಿತ್ಸೆಯಲ್ಲ. ನಿಮ್ಮ ಸೊಂಟನೋವು ಇದರಿಂದ ಕಡಿಮೆಯಾಗುತ್ತದೆ ಎಂದುಕೊಂಡು ಸೇರಬೇಡಿ. ನಿಮ್ಮ ಹಾಗಿನವರಿಗೆ ಮುಂದೆ ಸರಿಯಾದ ಉತ್ತರ ಸಿಗಲಿ ಎಂದು ಅನ್ನಿಸಿದರೆ ಸೇರಿ. ಬೇಡ ಎಂದರೂ ನಿಮ್ಮ ಚಿಕಿತ್ಸೆಗೆ ಏನೂ ಆಗಬಾರದು. ನಡುವೆ ಬಿಟ್ಟುಬರುವ ಹಕ್ಕೂ ಇರಬೇಕು. ಎರಡೂ ಪತ್ರದಲ್ಲಿ ಬರೆದಿದೆಯಾ ನೋಡಿ. ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ (ಎಥಿಕ್ಸ್ ಕಮಿಟಿ) ಅನುಮತಿ ಸಿಕ್ಕಿದೆಯಾ ಕೇಳಿ.

ಎಂಆರ್‌ಐನಲ್ಲಿ ಎಕ್ಸ್‌ರೇಯಂಥ ವಿಕಿರಣ ಇಲ್ಲ. ಸಿಟಿ, ಪೆಟ್ ಎರಡರಲ್ಲೂ ಇದೆ, ಹಾಗಾಗಿ ಯಾವ ಸ್ಕ್ಯಾನ್ ಎಂದು ಕೇಳಿಕೊಳ್ಳಿ. ತಲೆಯ ಒಂದು ಸಿಟಿಗೆ ಸುಮಾರು 2 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ). ಭೂಮಿ, ಆಕಾಶ, ಗಾಳಿಯಿಂದ ಎಲ್ಲರಿಗೂ ವರ್ಷಕ್ಕೆ ಸರಾಸರಿ 2.4 ಬರುತ್ತದೆ. ಎಂಆರ್‌ಐನ ನಿಜವಾದ ಅಪಾಯ ಅದರ ಆಯಸ್ಕಾಂತ. 3 ಟೆಸ್ಲಾ ಯಂತ್ರ ಎಂದರೆ ಭೂಮಿಯ ಆಯಸ್ಕಾಂತ ಶಕ್ತಿಗಿಂತ ಸುಮಾರು 60 ಸಾವಿರ ಪಟ್ಟು. ಸ್ಕ್ಯಾನ್ ನಡೆಯದಿರುವಾಗಲೂ ಅದು ಆರಿರುವುದಿಲ್ಲ. ಪೇಸ್‌ಮೇಕರ್, ಕಿವಿಯೊಳಗಿನ ಸಾಧನ, ಮಿದುಳಿನ ನಾಳಕ್ಕೆ ಹಾಕಿದ ಕ್ಲಿಪ್, ಕಣ್ಣಿಗೆ ಯಾವಾಗಲೋ ಸಿಡಿದ ಲೋಹದ ಚೂರು, ಯಾವುದನ್ನೂ ಸಣ್ಣದೆಂದು ಬಿಡದೆ ಹೇಳಿ. ಕಿವಿಗೆ ಇಯರ್‌ಪ್ಲಗ್ ಅಥವಾ ಹೆಡ್‌ಫೋನ್ ಕೊಡದೆ ಒಳಗೆ ಹೋಗಬೇಡಿ, ಸದ್ದು ಜೋರಾಗಿರುತ್ತದೆ.

ಬಣ್ಣದ ಇಂಜೆಕ್ಷನ್ ಕೊಡುತ್ತಾರಾ ಎಂದು ಖಂಡಿತ ಕೇಳಿ. ಅದರಲ್ಲಿ ಗ್ಯಾಡೊಲಿನಿಯಂ ಎಂಬ ಲೋಹ ಇರುತ್ತದೆ. ಪದೇ ಪದೇ ಪಡೆದವರ ಮಿದುಳಿನಲ್ಲಿ ಅದರ ಗುರುತು ಉಳಿಯುತ್ತದೆ ಎಂದು 2014ರಲ್ಲಿ ಜಪಾನಿನ ವೈದ್ಯರು ತೋರಿಸಿದರು. ಅದರಿಂದ ಮಿದುಳಿಗೆ ಹಾನಿಯಾದದ್ದು ಸಾಬೀತಾಗಿಲ್ಲ. ಆದರೂ ಯುರೋಪಿನ ಔಷಧ ಸಂಸ್ಥೆ 2017ರಲ್ಲಿ ಹಳೆಯ ಬಗೆಯ ಹಲವು ಇಂಜೆಕ್ಷನ್‌ಗಳನ್ನು ತಡೆಹಿಡಿಯಿತು. ಚಿಕಿತ್ಸೆಗೆ ಬೇಕಾದಾಗ ಈ ಇಂಜೆಕ್ಷನ್ ಬಹಳ ಉಪಯೋಗಿ, ಹೆದರಬೇಡಿ. ಬರೀ ಸಂಶೋಧನೆಗಾದರೆ ಏಕೆ ಬೇಕು ಎಂದು ಕಾರಣ ಕೇಳುವುದು ನಿಮ್ಮ ಹಕ್ಕು.

ಇನ್ನೆರಡು ಪ್ರಶ್ನೆಗಳನ್ನು ಜನ ಕೇಳುವುದೇ ಇಲ್ಲ. ಒಂದು, ಅನಿರೀಕ್ಷಿತವಾಗಿ ಏನಾದರೂ ಕಂಡರೆ ನನಗೆ ಹೇಳುತ್ತೀರಾ? ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ 45 ದಾಟಿದ 2,000 ಜನರ ಮಿದುಳು ಸ್ಕ್ಯಾನ್ ಮಾಡಿದಾಗ 7.2% ಜನರಲ್ಲಿ ಅವರಿಗೇ ಗೊತ್ತಿಲ್ಲದೆ ಆಗಿಹೋಗಿದ್ದ ಸಣ್ಣ ಸ್ಟ್ರೋಕ್‌ನ ಗುರುತು ಸಿಕ್ಕಿತು. 1.8% ಜನರಲ್ಲಿ ರಕ್ತನಾಳದ ಉಬ್ಬು, 1.6% ಜನರಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆ. ಇಂಥದ್ದು ಕಂಡರೆ ಯಾರು ನೋಡುತ್ತಾರೆ, ಯಾವುದನ್ನು ಹೇಳುತ್ತಾರೆ, ಹೇಳಿದ ಮೇಲೆ ಯಾವ ಡಾಕ್ಟರ ಹತ್ತಿರ ಕಳಿಸುತ್ತಾರೆ ಎಂದು ಮೊದಲೇ ತಿಳಿದುಕೊಳ್ಳಿ. ಒಂದು ಬಲ್ಜ್ ನೋಡಿಯೇ ನಿಮ್ಮ ನಿದ್ದೆ ಹೋಗಿದೆ. ಹಾಗಾಗಿ ಇದನ್ನು ನೀವು ಮನಸ್ಸಿನಲ್ಲಿ ಚೆನ್ನಾಗಿ ತೂಗಿ ನೋಡಬೇಕು. ತಿಳಿದುಕೊಳ್ಳದಿರುವುದೇ ಮೇಲು ಅನ್ನಿಸಿದರೆ ಸೇರದಿರುವುದೂ ಸರಿಯಾದ ನಿರ್ಧಾರವೇ.

ಎರಡು, ನನ್ನ ಮುಖ ಅಳಿಸುತ್ತೀರಾ? ವಿಚಿತ್ರ ಅನ್ನಿಸಬಹುದು. ತಲೆಯ ಎಂಆರ್‌ಐನಲ್ಲಿ ಮಿದುಳಿನ ಜೊತೆ ಮೂಗು, ಗಲ್ಲ, ತುಟಿ ಎಲ್ಲ ಇರುತ್ತವೆ. ಕಂಪ್ಯೂಟರಿನಲ್ಲಿ ಜೋಡಿಸಿದರೆ ಮುಖ ಮೂಡುತ್ತದೆ. ಹೆಸರು ತೆಗೆದಿದ್ದರೂ 84 ಜನರಲ್ಲಿ 70 ಜನರನ್ನು ಮುಖ ಗುರುತಿಸುವ ಸಾಫ್ಟ್‌ವೇರ್ ಅವರ ಫೋಟೋಗೆ ಸರಿಯಾಗಿ ಹೊಂದಿಸಿತು ಎಂದು 2019ರಲ್ಲಿ ವರದಿಯಾಯಿತು. ಆದ್ದರಿಂದ ಬೇರೆ ಸಂಶೋಧಕರ ಜೊತೆ ಚಿತ್ರ ಹಂಚಿಕೊಳ್ಳುವ ಮುಂಚೆ ಮುಖದ ಭಾಗವನ್ನು ಅಳಿಸುವ ಅಥವಾ ಮಸುಕು ಮಾಡುವ ಕ್ರಮ ಇದೆ. ನಿಮ್ಮ ಪತ್ರದಲ್ಲಿ ಅದು ಇರಲಿ.

ಈ ಉತ್ತರಗಳು ಸರಿಯಾಗಿ ಸಿಕ್ಕರೆ, ನನ್ನ ಸಲಹೆ ಸೇರಿ ಎಂದೇ. ನಿಮ್ಮ ಸ್ಕ್ಯಾನ್ ‘ಹೆಚ್ಚೇನೂ ಇಲ್ಲ’ ಎಂಬಂಥದ್ದು. ಅಂಥದ್ದೇ ನಮಗೆ ಕಡಿಮೆ ಸಿಗುವುದು. ದೊಡ್ಡ ಗಡ್ಡೆಯ ಚಿತ್ರಗಳು ಆಸ್ಪತ್ರೆಗಳಲ್ಲಿ ಬೇಕಾದಷ್ಟಿವೆ. 46ರ ವಯಸ್ಸಿನ, ಒಂದೆರಡು ಚುಕ್ಕೆಯ, ಒಂದು ಬಲ್ಜ್‌ನ ವ್ಯಕ್ತಿ ಹತ್ತು ವರ್ಷದ ಮೇಲೆ ಹೇಗಿರುತ್ತಾರೆ ಎಂದು ತಿಳಿಯಲು ನಿಮ್ಮಂಥವರೇ ಬರಬೇಕು.

ಹೋಗುವಾಗ ಹಳೆಯ ಎರಡೂ ಸ್ಕ್ಯಾನ್‌ಗಳ ಸಿಡಿ ತೆಗೆದುಕೊಂಡು ಹೋಗಿ. ರಿಪೋರ್ಟ್ ಕಾಗದ ಸಾಲದು, ಚಿತ್ರಗಳೇ ಬೇಕು. ಹೊಸದರ ಪಕ್ಕ ಹಳೆಯದನ್ನು ಇಟ್ಟು ಅದೇ ಚುಕ್ಕೆ ಅದೇ ಜಾಗದಲ್ಲಿ ಅಷ್ಟೇ ಇದೆ ಎಂದು ಕಂಡರೆ, ನಾನು ಇಲ್ಲಿ ಬರೆದದ್ದಕ್ಕಿಂತ ಜಾಸ್ತಿ ಸಮಾಧಾನ ನಿಮಗೆ ಅದರಿಂದಲೇ ಸಿಗುತ್ತದೆ.